ಡೀಸೆಲ್ಲಿನೊಳಗಿನ ಗಾಳಿ

ಗಾಜಿನಂಗಡಿಯವನು ಆವತ್ತು ಅಂಗಡಿ ತೆರೆಯಲೇ ಇಲ್ಲ. ಕಿಟಕಿಗೂ ಕಪಾಟಿಗೂ ಗಾಜು ಕತ್ತರಿಸಿ ಕೊಡುತ್ತಲೇ ತಲೆ ನರೆಸಿಕೊಂಡವನು, ಹೆಂಡತಿ ತೀರಿಕೊಂಡ ಆ ಕೆಲವು ದಿನಗಳನ್ನು ಬಿಟ್ಟರೆ, ಕೆಲಸದ ದಿನ ಹೀಗೆ ಬಾಗಿಲು ಹಾಕಿದ್ದಿಲ್ಲ. ಎದುರು ಮನೆಯ ಟೈಲರ್ ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದ. ಅಂಗಳದಲ್ಲಿ ಡೀಸೆಲ್ ಜೀಪು ಬಾನೆಟ್ಟಿನ ಬಾಯಿ ತೆರೆದುಕೊಂಡು ನಿಂತಿತ್ತು. ಪಕ್ಕದ ಸ್ಟೂಲಿನ ಮೇಲೆ ಹಳೆಯದೊಂದು ತಟ್ಟೆ, ಚಿಂದಿ ಬಟ್ಟೆ, ಬೆಲ್ಟ್ ಸ್ಪ್ಯಾನರು, ಹೊಸ ಫಿಲ್ಟರಿನ ಡಬ್ಬಿ.

"ಏನ್ ಸಾರ್, ಇವತ್ತು ಗಾಜು ಬಿಟ್ಟು ಡಾಕ್ಟರಿಕೆನಾ?" ಎಂದ ಟೈಲರ್.

ಡೀಸೆಲ್ ಫಿಲ್ಟರ್ ಅಷ್ಟೇ, ಕೈ ತಿರುಗಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ಇವನು ಹೇಳಿದ. ಹೇಳುವಾಗ ದನಿಯಲ್ಲಿ ಇದ್ದ ಧೈರ್ಯ ಹೊಟ್ಟೆಯಲ್ಲಿ ಇರಲಿಲ್ಲ.

ವಿಷಯ ಇಷ್ಟೇ. ಹೆಂಡತಿಯ ತವರು ಊರಾಚೆಯ ಗುಡ್ಡದ ನೆತ್ತಿಯಲ್ಲಿತ್ತು. ಅಲ್ಲಿ ಅವಳ ತಮ್ಮ ಸಸಿಗಳನ್ನು ಬೆಳೆಸಿ ಮಾರುತ್ತಿದ್ದ. ಜೊತೆಗೆ ಅತ್ತೆ ಇದ್ದರು. ಡಾಂಬರು ರಸ್ತೆ ಗುಡ್ಡದ ಬುಡದಲ್ಲಿರುವ ನೀರಿನ ಟ್ಯಾಂಕಿಗೇ ಕೈ ಮುಗಿದು ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಕೆಂಪು ಮಣ್ಣಿನ ಏರುದಾರಿ. ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿಯಾದರೆ ಒಂದೇ ಉಸಿರಿಗೆ ಏರುತ್ತದೆ, ಉಳಿದವು ಏದುಸಿರು ಬಿಡುತ್ತಾ, ಅಲ್ಲಲ್ಲಿ ನಿಂತು, ಹೇಗೋ ಏರುತ್ತವೆ. ಹಾಗಾಗಿ ಅತ್ತೆಯನ್ನು ಆಸ್ಪತ್ರೆಗೆ ಇಳಿಸುವುದು, ಮತ್ತೆ ಹತ್ತಿಸುವುದು, ಗೊಬ್ಬರದ ಚೀಲ ಸಾಗಿಸುವುದು ಎಲ್ಲ ಇವನ ಜೀಪಿನ ಪಾಲಿನ ಕೆಲಸವಾಗಿತ್ತು. ಮದುವೆಯಾದಾಗಿನಿಂದ ಅವನು ಆ ಮನೆಯ ಅಳಿಯ ಹೌದು, ಅದಕ್ಕಿಂತ ಹೆಚ್ಚಾಗಿ ಆ ಮನೆಯ ಗಾಡಿ.

ಹೋದ ವರ್ಷ ಹೆಂಡತಿ ಹೋದಳು. ಅದಾದ ಮೇಲೆ ಮೇಲಿನಿಂದ ಯಾರೂ ಗಾಡಿ ಬೇಕೆಂದು ಕೇಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಒಮ್ಮೆ ತಾನಾಗಿಯೇ ಹತ್ತಿಹೋಗಿದ್ದ. ಭಾವಮೈದುನ ಜೀಪಿನ ಸದ್ದು ಕೇಳಿದವನೇ ಹಿಂದಿನ ಪಾತಿಗಳ ಕಡೆಗೆ ನಡೆದುಬಿಟ್ಟ. ಇವನು ಅತ್ತೆಯ ಜೊತೆ ಟೀ ಕುಡಿದು ಕಾದ, ಇನ್ನೊಂದು ಲೋಟ ಕುಡಿದು ಕಾದ. ಅವನು ಬರಲೇ ಇಲ್ಲ. ಇಳಿಯುವಾಗ ಇವನಿಗೆ ಅನ್ನಿಸಿತ್ತು: ಅಕ್ಕನೇ ಇಲ್ಲದ ಮೇಲೆ ಭಾವ ಎಲ್ಲಿಯ ಭಾವ? ಆಮೇಲೆ ಇವನು ಹೋಗಲಿಲ್ಲ, ಅವರು ಕರೆಯಲಿಲ್ಲ.

ನಿನ್ನೆ ಸಂಜೆ ಮನಸ್ಸು ತಡೆಯದೆ ಫೋನ್ ಮಾಡಿದ್ದ. ಮಾಡುವುದಕ್ಕೊಂದು ನೆಪ ಬೇಕಲ್ಲ, ಸಸಿಮನೆಯ ಗಾಜು ಏನಾದರೂ ಒಡೆದಿದೆಯಾ, ಅಂಗಡಿಯಲ್ಲಿ ಒಳ್ಳೆಯ ತುಂಡುಗಳು ಉಳಿದಿವೆ ಎಂದು ಶುರು ಮಾಡಿದ. ಯಾವ ಗಾಜೂ ಒಡೆದಿರಲಿಲ್ಲ. ಮಾತು ಅಲ್ಲಿಗೇ ನಿಂತುಹೋಗುವಂತಿದ್ದಾಗ ಭಾವಮೈದುನನ ಬಾಯಿಂದ ಜಾರಿತು: ನಾಡಿದ್ದು ಬೆಳಿಗ್ಗೆ ಅಮ್ಮನ ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಬರಬೇಕು. ಇವನು ಬಿದ್ದ ಮಾತನ್ನು ನೆಲಕ್ಕೆ ತಾಗಲು ಬಿಡದೆ ಹಿಡಿದುಕೊಂಡ. ನಾನೇ ಬರುತ್ತೇನೆ, ಜೀಪು ಇರುವುದು ಯಾತಕ್ಕೆ ಎಂದ.

"ನಿಮಗ್ಯಾಕೆ ತೊಂದರೆ ಭಾವ," ಎಂದ ಭಾವಮೈದುನ. "ಬಾಡಿಗೆ ಗಾಡಿ ಸಿಗುತ್ತೆ. ಬರೋದೇ ಆದ್ರೆ ನಾಳೆ ಸಂಜೆ ಒಳಗೆ ಹೇಳಿ."

ಬಾಡಿಗೆ ಗಾಡಿಯವನು ಒಮ್ಮೆ ಆ ದಾರಿ ಕಲಿತನೆಂದರೆ ಮುಗಿಯಿತು, ಆಮೇಲೆ ತಾನು ಆ ಗುಡ್ಡ ಹತ್ತಲು ಕಾರಣವೇ ಉಳಿಯುವುದಿಲ್ಲ. ರಾತ್ರಿಯೆಲ್ಲ ಇದೇ ಯೋಚನೆ. ಜೀಪು ನೋಡಿದರೆ ತಿಂಗಳುಗಟ್ಟಲೆ ಮಾರ್ಕೆಟ್ಟು ದಾಟದೆ ಸೋಮಾರಿಯಾಗಿ ಹೋಗಿತ್ತು. ಮೊನ್ನೆ ಸೇತುವೆಯ ಸಣ್ಣ ಏರಿಗೇ ಬಿಕ್ಕಿ ಬಿಕ್ಕಿ ನಿಂತಿತ್ತು, ಸ್ಟಿಯರಿಂಗಿನ ಮುಂದೆ ಡೀಸೆಲ್ಲಿನಲ್ಲಿ ನೀರಿದೆ ಎನ್ನುವ ಹಳದಿ ದೀಪ ಬೇರೆ. ಡೀಸೆಲ್ಲಿನ ನೀರು, ಕಸ ಎಲ್ಲ ಫಿಲ್ಟರಿನಲ್ಲಿ ಕಟ್ಟಿಕೊಂಡಿದೆ ಎಂದು ಅವನಿಗೆ ಗೊತ್ತಿತ್ತು. ರಿಪೇರಿಯವನು ಮಗಳ ಊರಿಗೆ ಹೋಗಿದ್ದ. ಬಿಡಿಭಾಗದ ಅಂಗಡಿಯವನು ಹೊಸ ಫಿಲ್ಟರು ಕೈಗಿಡುತ್ತಾ, ಮನೆಯಲ್ಲೇ ಹಾಕಿಕೊಳ್ತೀರಾ, ಜೊತೆಗೆ ಯಾರಿದ್ದಾರೆ ಎಂದು ಸಹಜವಾಗಿಯೇ ಕೇಳಿದ್ದ. ಇದ್ದಾರೆ ಎಂದು ಇವನೂ ಸಹಜವಾಗಿಯೇ ಸುಳ್ಳು ಹೇಳಿದ್ದ.

ಏಕೆಂದರೆ ಇದು ಇಬ್ಬರ ಕೆಲಸ. ಒಬ್ಬರು ಬಾನೆಟ್ಟಿನೊಳಗೆ ತಲೆ ಹಾಕಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಕೀ ತಿರುಗಿಸಬೇಕು. ವರ್ಷಕ್ಕೊಮ್ಮೆ ಗಂಡ ಹೆಂಡತಿ ಇಬ್ಬರೂ ಹಳೆಯ ಬಟ್ಟೆ ತೊಟ್ಟು ಬೆಳಗಿನಿಂದ ಅಂಗಳದಲ್ಲಿ ನಿಂತರೆಂದರೆ ಬೀದಿಗೆ ಒಂದು ತಮಾಷೆ. ಎದ್ದು ನಿಂತ ಬಾನೆಟ್ಟು ಇಬ್ಬರ ನಡುವೆ ಗೋಡೆ ಹಾಕಿದಂತೆ. ಮುಖ ಕಾಣದು, ದನಿ ಮಾತ್ರ. ಇವನು "ಹೂಂ" ಅಂದರೆ ಅವಳು ಕೀ ತಿರುಗಿಸಬೇಕು, "ಸಾಕು" ಅಂದರೆ ಬಿಡಬೇಕು. ಅವಳು ಬೇಕೆಂದೇ ತಡಮಾಡಿ, "ಯಾವ ಹೂಂ ಇದು, ಸಿಟ್ಟಿನದ್ದೋ ಕೆಲಸದ್ದೋ?" ಎಂದು ಕೇಳುತ್ತಿದ್ದಳು. ಟೈಲರ್ ಅಲ್ಲಿಂದಲೇ, "ಅಕ್ಕಾ, ಅದು ಸಿಟ್ಟಿನದ್ದೇ," ಎಂದು ಸಾಕ್ಷಿ ಹೇಳುತ್ತಿದ್ದ.

ಈಗ ಟೈಲರ್ ರಸ್ತೆ ದಾಟಿ ಬಂದು ಗೇಟಿಗೆ ಒರಗಿ ನಿಂತಿದ್ದ. ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಕೀ ತಿರುಗಿಸೋಕೆ ನಾನು ಕೂತ್ಕೊಳ್ಳಲಾ ಸಾರ್?"

ಪ್ರೀತಿಯಿಂದಲೇ ಕೇಳಿದ. ಇವನು ಸೀಟಿನ ಕಡೆ ನೋಡಿದ. ಅದರ ಮೇಲೆ ಬೇರೊಬ್ಬರು ಕೂತು ತನ್ನ "ಹೂಂ"ಗೆ ಮರುಮಾತಿಲ್ಲದೆ ಕೀ ತಿರುಗಿಸುವುದನ್ನು ನೆನೆಸಿಕೊಂಡ. ಬೇಡ, ನಿನ್ನ ಗಿರಾಕಿ ಕಾಯ್ತಾ ಇದ್ದಾರೆ ಎಂದುಬಿಟ್ಟ. ಗಿರಾಕಿ ಯಾರೂ ಇರಲಿಲ್ಲ. ಟೈಲರ್ ಅದನ್ನು ಹೇಳದೆ ಹಿಂದಕ್ಕೆ ಹೋದ.

ಕೆಲಸ ಶುರುವೇನೋ ಚೆನ್ನಾಗಿಯೇ ಆಯಿತು. ಫಿಲ್ಟರು ಇರುವುದು ಎಂಜಿನ್ನಿನ ಹಿಂದೆ, ತಗಡಿನ ಗೋಡೆಗೆ ಅಂಟಿದ ಮೂಲೆಯಲ್ಲಿ, ಡಬ್ಬಿಯಂತೆ ತಲೆಕೆಳಗಾಗಿ ನೇತುಕೊಂಡು. ಕಣ್ಣಿಗೆ ಅರ್ಧ ಕಾಣುತ್ತದೆ, ಮಿಕ್ಕರ್ಧ ಕೈಗೆ ಬಿಟ್ಟದ್ದು. ತಟ್ಟೆ ಕೆಳಗಿಟ್ಟು, ಬೆಲ್ಟ್ ಸ್ಪ್ಯಾನರು ಸುತ್ತಿ ಎಳೆದ. ಕಿರ್ರ್ ಎಂದು ಸಡಿಲವಾಯಿತು. ಇಲ್ಲಿಂದ ಮುಂದಿನದು ಅವಳ ಪಾಲು. "ನಿಮ್ಮ ದಪ್ಪ ಕೈಗೆ ಅಲ್ಲಿ ಜಾಗ ಇಲ್ಲ, ಸರೀರಿ," ಎಂದು ಅವಳು ಸಪೂರ ಕೈ ಒಳಗೆ ಹಾಕಿ ಒಂದು ಹನಿ ಚೆಲ್ಲದೆ ಇಳಿಸಿ ಕೊಡುತ್ತಿದ್ದಳು. ಇವನು ಇಳಿಸುವಾಗ ಡೀಸೆಲ್ ಮೊಣಕೈತನಕ ಹರಿಯಿತು. ಆಮೇಲೆ ಯಾವತ್ತಿನಂತೆ ಹಳೆಯ ಫಿಲ್ಟರಿನ ಬುಡದಲ್ಲಿದ್ದ ನೀರು ಸೂಚಿಸುವ ಬಿರಡೆಯನ್ನು ಬಿಚ್ಚಿಕೊಂಡು ನಲ್ಲಿಯ ಹತ್ತಿರ ಹೋಗಿ, ತೊಳೆದು, ಒರೆಸಿ, ಹೊಸ ಫಿಲ್ಟರಿಗೆ ಕೂರಿಸಿದ. ಹೊಸದರ ಅಂಚಿನ ರಬ್ಬರ್ ರಿಂಗಿಗೆ ಬೆರಳಿನಿಂದ ಡೀಸೆಲ್ ಸವರಿದ. ಒಳಗೆ ಕೈ ಹಾಕಿ, ಹಲ್ಲು ಕಚ್ಚಿ, ತಿರುಗಿಸಿ ಬಿಗಿದ.

ಇನ್ನುಳಿದದ್ದು ಗಾಳಿ ತೆಗೆಯುವುದು. ಡೀಸೆಲ್ಲಿನ ದಾರಿಯಲ್ಲಿ ಗಾಳಿ ಹೊಕ್ಕರೆ ಎಂಜಿನ್ನು ಎಷ್ಟು ಕೂಗಾಡಿದರೂ ಏಳುವುದಿಲ್ಲ. ಫಿಲ್ಟರಿನ ನೆತ್ತಿಯಲ್ಲಿ ಹೆಬ್ಬೆರಳಿನಿಂದ ಒತ್ತುವ ಕೈಪಂಪು ಇದೆ. ಪಕ್ಕದ ಸ್ಕ್ರೂ ಸಡಿಲಿಸಿ ಒತ್ತುತ್ತಾ ಹೋದರೆ ಮೊದಲು ಬುರುಗು ಬರುತ್ತದೆ, ಆಮೇಲೆ ಬರಿಯ ಡೀಸೆಲ್. ಆಗ ಸ್ಕ್ರೂ ಬಿಗಿದು ಇನ್ನಷ್ಟು ಒತ್ತಿದರೆ ಪಂಪು ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಟ್ಟಿಯಾಯಿತೋ, ಗೆದ್ದ ಹಾಗೆ.

ಒತ್ತಿದ. ಬುರುಗು ಬಂತು. ಇನ್ನೂ ಒತ್ತಿದ. ಇನ್ನೂ ಬುರುಗೇ. ಹೆಬ್ಬೆರಳು ನೋವು ಹಿಡಿಯಿತು, ಪಂಪು ಮಾತ್ರ ಬೆಣ್ಣೆಯ ಹಾಗೆ ಮೆತ್ತಗೆ. ಇರಲಿ ಎಂದು ಓಡಿ ಹೋಗಿ ಸೀಟಿಗೆ ಹತ್ತಿ ಕೀ ತಿರುಗಿಸಿದ. ಎಂಜಿನ್ನು ಎದ್ದಿತು, ಇವನ ಎದೆಯೂ ಎದ್ದಿತು. ಎರಡು ಉಸಿರು ಎಳೆದು ಗೊರ್ರ್ ಎಂದು ಸತ್ತಿತು. ಇಳಿದು ಓಡಿದ, ಒತ್ತಿದ, ಹತ್ತಿದ, ತಿರುಗಿಸಿದ. ಮತ್ತೆ ಅದೇ. ತಾನೇ "ಹೂಂ" ಅಂದುಕೊಂಡು ತಾನೇ ಓಡುವ ಈ ಆಟ ಎದುರು ಮನೆಗೆ ಕಾಣುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಹೊಲಿಗೆ ಯಂತ್ರದ ಸದ್ದು ನಿಂತು ಬಹಳ ಹೊತ್ತಾಗಿತ್ತು.

ಮಧ್ಯಾಹ್ನ ಕಳೆಯಿತು. ಫಿಲ್ಟರನ್ನು ಇನ್ನೊಂದು ಸುತ್ತು ಬಿಗಿದ. ಪೈಪುಗಳ ಕ್ಲಿಪ್ಪು ಬಿಗಿಯಿದೆಯಾ ನೋಡಿದ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ, ಯಾಕೆ ಮೂಸಿದನೋ ಅವನಿಗೇ ತಿಳಿಯಲಿಲ್ಲ. ಬ್ಯಾಟರಿಯ ದನಿ ಇಳಿಯತೊಡಗಿತು. ಬಾನೆಟ್ಟಿನ ಅಂಚಿಗೆ ಹಣೆ ಆನಿಸಿ ನಿಂತು, ಇನ್ನು ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಿಬಿಡುವುದೇ ಮರ್ಯಾದೆ ಅಂದುಕೊಂಡ. ಬಾಡಿಗೆಯವನಿಗೆ ಹೇಳಲಿ. ಮುಗಿಯಲಿ.

ಭಾವಮೈದುನ ಎತ್ತಿಕೊಂಡ. ಇವನು ಸುತ್ತಿ ಬಳಸದೆ ಹೇಳಿದ: ಫಿಲ್ಟರು ಬದಲಿಸಿದೆ, ಗಾಳಿ ಹೋಗುತ್ತಿಲ್ಲ, ಗಾಡಿ ಸ್ಟಾರ್ಟ್ ಆಗಿ ಉಳಿಯುತ್ತಿಲ್ಲ, ನನ್ನ ನೆಚ್ಚಿಕೊಳ್ಳಬೇಡ. ಅತ್ತ ಕಡೆ ನೀರು ಹಾಯಿಸುವ ಪೈಪಿನ ಸದ್ದು ನಿಂತಿತು.

"ಹಳೇ ರಿಂಗ್ ಕಿತ್ತು ತೆಗೆದ್ರಾ?"

"ಯಾವ ರಿಂಗು?"

"ಹಳೇ ಫಿಲ್ಟರಿನ ರಬ್ಬರ್ರು ಭಾವ. ಮೇಲ್ಗಡೆ ಅಂಟ್ಕೊಂಡು ಉಳಿದುಬಿಡುತ್ತೆ. ಅದರ ಮೇಲೇ ಹೊಸದು ಕೂರಿಸಿದ್ರೆ ರಬ್ಬರ್ ಮೇಲೆ ರಬ್ಬರ್ ಬಂದು ಗಾಳಿ ಎಳ್ಕೊಳುತ್ತೆ." ಆಮೇಲೆ ಅಂದ, "ಅದನ್ನ ಅಕ್ಕ ತೆಗೀತಿದ್ಳು."

ಇವನು ತಟ್ಟೆಯಲ್ಲಿ ಬಿದ್ದಿದ್ದ ಹಳೆಯ ಫಿಲ್ಟರನ್ನು ಕಾಲಿನಿಂದ ಹೊರಳಿಸಿ ನೋಡಿದ. ಅಂಚಿನ ಸುತ್ತಲ ಕಚ್ಚು ಬರಿದಾಗಿತ್ತು. ರಿಂಗು ಇರಲಿಲ್ಲ.

"ಯಾವಾಗ ತೆಗೀತಿದ್ಳು?"

"ನೀವು ನಲ್ಲಿ ಹತ್ರ ತೊಳೆಯೋಕೆ ಹೋದಾಗ. ನಮ್ಮ ಟ್ರ್ಯಾಕ್ಟರಿಗೂ ಮೊದಲೆಲ್ಲ ಅವಳೇ ಮಾಡ್ತಿದ್ದಿದ್ದು. ಉಗುರಲ್ಲಿ ಕಿತ್ತು, ಸೆರಗಲ್ಲಿ ಒರೆಸಿಬಿಡೋಳು. ಮನೆಗೆ ಬಂದಾಗ ಹೇಳಿ ನಗೋಳು. 'ನಿಮ್ಮ ಭಾವ ಬಂದು ತಿರುಗಿಸಿ, ನೋಡಿದ್ಯಾ ಹೆಂಗೆ ಕೂತ್ಕೊಳ್ತು ಅಂತಾರೆ, ನಾನೂ ಹೌದು ಹೌದು ಅಂತೀನಿ' ಅಂತ."

ಭಾವಮೈದುನ ನಗಲು ಹೊರಟವನು ಅರ್ಧಕ್ಕೇ ಬಿಟ್ಟ. ಇವನು ನೋಡ್ತೀನಿ ಎಂದು ಫೋನ್ ಇಟ್ಟ.

ಇಷ್ಟು ವರ್ಷ ತಾನೊಬ್ಬ ಅರ್ಧ ಮೆಕ್ಯಾನಿಕ್ ಎಂದು ಬೀಗಿಕೊಂಡು ಬಂದದ್ದು ನೆನಪಾಯಿತು. ಟೈಲರ್ ಹತ್ತಿರ, ಅಂಗಡಿಗೆ ಬಂದವರ ಹತ್ತಿರ, ಫಿಲ್ಟರಿಗೆಲ್ಲ ಯಾರಾದ್ರೂ ರಿಪೇರಿಯವನ ಹತ್ರ ಹೋಗ್ತಾರಾ ಎಂದು ಕೊಚ್ಚಿಕೊಂಡದ್ದು. ಅವಳು ಪಕ್ಕದಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು. ಕೇಳಬೇಕೆಂದರೆ ಈಗ ಅವಳಿಲ್ಲ. ಇದ್ದಿದ್ದರೆ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಫಿಲ್ಟರು ಮತ್ತೆ ಬಿಚ್ಚಿದ. ಮೇಲಿನ ಬೋಗುಣಿಯಂಥ ತಲೆಗೆ ಬೆರಳು ತಾಗಿಸಿ ಸುತ್ತ ಸವರಿದ. ಹೌದು, ಅಲ್ಲೇ ಇತ್ತು, ಒಣಗಿ ಗಟ್ಟಿಯಾಗಿ, ಲೋಹದ್ದೇ ಒಂದು ಭಾಗವೇನೋ ಎಂಬಂತೆ ಅಂಟಿಕೊಂಡು. ಉಗುರು ಹಾಕಿದ. ಗಾಜು ಕತ್ತರಿಸುವವನ ಉಗುರು, ಮೊಂಡಾಗಿ ಸವೆದದ್ದು, ಹಿಡಿತಕ್ಕೆ ಸಿಗಲಿಲ್ಲ. ಕೈ ತಿರುಚಿ ಇನ್ನಷ್ಟು ಒಳಗೆ ತೂರಿಸಿದಾಗ ಗೆಣ್ಣುಗಳ ಚರ್ಮ ಸುಲಿಯಿತು. ಅವಳ ಕೈಗೂ ಹೀಗೆ ಆಗುತ್ತಿತ್ತೋ ಏನೋ, ನೋಡಿದ ನೆನಪಿಲ್ಲ. ಒಂದು ಅಂಚು ಎದ್ದಿತು, ಮೆಲ್ಲಗೆ ಎಳೆದ, ಕಪ್ಪು ಹುಳುವಿನಂತೆ ಇಡೀ ರಿಂಗು ಸುಲಿದು ಬಂತು. ಜಾಗವನ್ನು ಅಂಗಿಯ ತುದಿಯಿಂದಲೇ ಒರೆಸಿದ. ಹೊಸದನ್ನು ಕೂರಿಸಿ ತಿರುಗಿಸಿದ. ಪಂಪು ಒತ್ತಿದ. ಬುರುಗು, ಬುರುಗು, ಆಮೇಲೆ ತಿಳಿ ಡೀಸೆಲ್. ಸ್ಕ್ರೂ ಬಿಗಿದು ಒತ್ತಿದರೆ ಪಂಪು ಹೆಬ್ಬೆರಳಿಗೆ ಎದುರು ನಿಂತಿತು.

ಎಂಜಿನ್ನು ಎದ್ದಿತು. ಎದ್ದದ್ದು ನಿಲ್ಲಲಿಲ್ಲ. ಎದುರಿನಿಂದ ಟೈಲರ್ ಕತ್ತರಿ ಹಿಡಿದ ಕೈಯನ್ನೇ ಮೇಲೆತ್ತಿ ತೋರಿಸಿದ. ಇವನೂ ಕೈಯೆತ್ತಿದ. ಪಕ್ಕಕ್ಕೆ ತಿರುಗಿ ಏನೋ ಹೇಳಲು ಬಾಯಿ ತೆರೆದು, ಮುಚ್ಚಿದ.

ಸಂಜೆಯಾಗುವ ಮುಂಚೆ ಮತ್ತೆ ಫೋನ್ ಮಾಡಿದ. ಈ ಬಾರಿ ಎತ್ತಿಕೊಂಡವರು ಅತ್ತೆ. ಮಗ ಸಸಿ ಕೊಡಲು ಕೆಳಗಿನ ತೋಟಕ್ಕೆ ಹೋಗಿದ್ದಾನೆ ಎಂದರು. ಗಾಡಿ ಸರಿಯಾಯಿತು, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಇವನು ಒಂದೇ ಉಸಿರಿಗೆ ಹೇಳಿದ.

"ಅಯ್ಯೋ, ಬಾಡಿಗೆಯವನಿಗೆ ಮೊನ್ನೆನೇ ಹೇಳಿಟ್ಟಿದ್ದಾನಲ್ಲ ಇವನು," ಎಂದರು ಅತ್ತೆ.

ಅಂದರೆ, ಸಂಜೆಯೊಳಗೆ ಹೇಳಿ ಎಂದದ್ದು ಬರಿಯ ಬಾಯಿಮಾತು. ಸುಲಿದ ಗೆಣ್ಣುಗಳು ಆಗ ಉರಿಯತೊಡಗಿದವು. ಇವನು ಕೂತ ಮೆಟ್ಟಿಲಿನಿಂದ ಏಳದೆ, ಒಂದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ.

"ನಾನು ಅಲ್ಲಿಗೆ ಬರೋದು ನಿಮಗೆ ಬೇಡ್ವಾ ಅತ್ತೆ?"

ಅವರು ದನಿ ತಗ್ಗಿಸಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಗುಟ್ಟು ಹೇಳುವಂತೆ ಹೇಳಿದರು. ಇವನ ಜೀಪಿನ ಸದ್ದು ಏರುದಾರಿಯ ತಿರುವಿನಲ್ಲಿ ಕೇಳಿದರೆ ಮಗನಿಗೆ ತಡೆಯಲು ಆಗುವುದಿಲ್ಲ. ಆ ಸದ್ದು ಬಂತೆಂದರೆ ಅಕ್ಕ ಬಂದಳು ಅಂತಲೇ ಚಿಕ್ಕಂದಿನ ಹಾಗೆ ಎದ್ದು ಅಂಗಳಕ್ಕೆ ಓಡುತ್ತಿದ್ದವನು. ಹೋದ ಸಲ ಜೀಪು ಬಂದಾಗ ಪಾತಿಗಳ ಹಿಂದೆ ಕೂತು ಅತ್ತಿದ್ದ, ಕಣ್ಣು ಕೆಂಪಗೆ ಮಾಡಿಕೊಂಡು ಭಾವನ ಮುಂದೆ ಹೇಗೆ ಬರುವುದೆಂದು ಬಂದಿರಲಿಲ್ಲ.

"ನಿಮ್ಮ ಮೇಲೆ ಏನೂ ಇಲ್ಲಪ್ಪ ಅವನಿಗೆ. ಆ ಸದ್ದು," ಎಂದರು ಅತ್ತೆ. "ನನಗೇನಲ್ಲ, ಅವನಿಗೆ."

ಮಾರನೆಯ ದಿನ ಬೆಳಕು ಹರಿಯುತ್ತಿದ್ದಂತೆ ಅವನು ಜೀಪು ತೆಗೆದ. ಎಂಜಿನ್ನು ಒಂದು ತಕರಾರಿಲ್ಲದೆ ಓಡಿತು. ಸೇತುವೆಯ ಏರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನೀರಿನ ಟ್ಯಾಂಕಿನ ಬಳಿ, ಡಾಂಬರು ಮುಗಿಯುವಲ್ಲಿ ಅವನು ಎಂಜಿನ್ನು ಆರಿಸಿ, ಗಾಡಿಯನ್ನು ಬದಿಗೆ ಹಾಕಿ, ಮಣ್ಣಿನ ದಾರಿಯಲ್ಲಿ ನಡೆಯತೊಡಗಿದ. ಇಷ್ಟು ವರ್ಷಗಳಲ್ಲಿ ಆ ದಾರಿಯನ್ನು ಅವನು ಕಾಲಿನಲ್ಲಿ ತುಳಿದದ್ದಿಲ್ಲ. ಜೀಪಿನಲ್ಲಿ ಒಂದು ಮಾತು ಮುಗಿಯುವುದರೊಳಗೆ ಮುಗಿಯುತ್ತಿದ್ದದ್ದು ಈಗ ಮುಗಿಯುವಂತೆಯೇ ಕಾಣಲಿಲ್ಲ. ತಿರುವಿನಲ್ಲಿ ಎರಡು ಬಾರಿ ನಿಂತ. ಮೊನ್ನೆಯ ಮಳೆಯಿಂದ ಆರದೆ ಉಳಿದ ಕೆಂಪು ಕೆಸರು ಚಪ್ಪಲಿಗೆ ಮೆತ್ತಿ ಒಂದೊಂದು ಸೇರು ತೂಗುತ್ತಿತ್ತು.

ಭಾವಮೈದುನ ಸಸಿಗಳಿಗೆ ನೀರು ಬಿಡುತ್ತಿದ್ದ. ತಲೆಯೆತ್ತಿ, ಎದುರಿಗೆ ಬಂದು ನಿಂತವನನ್ನು ಕಂಡಾಗ ಪೈಪು ಹಿಡಿದ ಕೈ ಹಾಗೇ ನಿಂತಿತು. ನೀರು ಒಂದೇ ಸಸಿಯ ಬುಡಕ್ಕೆ ಸುರಿಯುತ್ತಾ ಹೋಯಿತು.

"ಗಾಡಿ ಎಲ್ಲಿ ಭಾವ? ಮತ್ತೆ ಕೈ ಕೊಡ್ತಾ?"

"ಇಲ್ಲ. ಕೆಳಗೆ ಬಿಟ್ಟು ಬಂದೆ."

"ಯಾಕೆ, ಏರಲಿಲ್ವಾ?"

"ಏರ್ತಿತ್ತು," ಎಂದ ಇವನು.

ಭಾವಮೈದುನ ಇನ್ನೇನೋ ಕೇಳಲು ಹೊರಟವನು ಮನೆಯ ಕಡೆಗೊಮ್ಮೆ ನೋಡಿದ. ಅಮ್ಮ ಏನು ಹೇಳಿರಬಹುದೆಂದು ಅವನಿಗೆ ಹೊಳೆದಿರಬೇಕು. ಕಿವಿ ಕೆಂಪಾಯಿತು. ಪೈಪನ್ನು ಇವನ ಕಾಲಿನ ಕಡೆ ತಿರುಗಿಸಿದ. ಇವನು ಒಂದೊಂದೇ ಪಾದ ಎತ್ತಿ ಕೆಸರು ತೊಳೆದುಕೊಂಡ. ನೀರು ಹರಿಯುತ್ತಿತ್ತು.

ಒಳಗಿನಿಂದ ಅತ್ತೆಯ ದನಿ ಕೇಳಿತು. ಅವರು ಹೊರಡಲು ಸಿದ್ಧರಾಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರ ಕಣ್ಣಿಗೆ ಅಂಗಳದಲ್ಲಿದ್ದವರು ಬರಿಯ ನೆರಳುಗಳು.

"ಯಾರೋ ಅದು?"

"ಭಾವ ಅಮ್ಮಾ."

"ಯಾವಾಗ ಬಂದ್ರು? ಸದ್ದೇ ಬರಲಿಲ್ಲ." ಅವರು, ಯಾರಿಗೂ ಅಲ್ಲವೆಂಬಂತೆ ಅಂದರು: "ಬೆಳಗಿನಿಂದ ಕಿವಿ ಕೊಟ್ಟು ಕೂತಿದ್ದೆ."

ಭಾವಮೈದುನ ಬಗ್ಗಿ ನಲ್ಲಿ ನಿಲ್ಲಿಸಿದ. ನಿಲ್ಲಿಸಿಯೂ ಬಗ್ಗಿಯೇ ಇದ್ದ, ತೀರಾ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಎದ್ದಾಗ ಮುಖವನ್ನು ತೋಳಿನಿಂದ ಒರೆಸಿಕೊಂಡ.

"ಬಾಡಿಗೆಯವನು ಬರೋಕೆ ಇನ್ನೂ ಹೊತ್ತಿದೆ," ಎಂದ. "ಹೋಗಿ ಗಾಡಿ ಮೇಲಕ್ಕೆ ತನ್ನಿ ಭಾವ. ನಾನು ಇಲ್ಲೇ ಇರ್ತೀನಿ."

ಗಾಜಿನಂಗಡಿಯವನು ತೊಳೆದ ಕಾಲಿನಲ್ಲೇ ಮತ್ತೆ ಕೆಸರಿಗಿಳಿದ. ಕೆಳಗಿನವರೆಗೆ ಇಳಿಯಲು ಬೇಕಾದಷ್ಟು ಹೊತ್ತು ಹಿಡಿಯಿತು. ಟ್ಯಾಂಕಿನ ನೆರಳಿನಲ್ಲಿ ಜೀಪು ತಣ್ಣಗೆ ಕಾಯುತ್ತಿತ್ತು. ಹತ್ತಿ ಕೂತು, ನಾಲ್ಕು ಚಕ್ರಕ್ಕೂ ಎಳೆತ ಹಾಕಿ, ಕೀ ತಿರುಗಿಸುವ ಮುಂಚೆ ಒಮ್ಮೆ ಗುಡ್ಡದ ನೆತ್ತಿಯ ಕಡೆ ನೋಡಿದ. ಅಲ್ಲಿಂದ ಮನೆ ಕಾಣುವುದಿಲ್ಲ, ಮರಗಳಷ್ಟೇ. ಪಕ್ಕದ ಸೀಟು ಖಾಲಿಯಾಗಿಯೇ ಇತ್ತು, ಮೇಲೆ ಹೋದ ಮೇಲೂ ಖಾಲಿಯಾಗಿಯೇ ಇರುತ್ತದೆ. ಕೀ ತಿರುಗಿಸಿದ. ಮೊದಲ ಗೇರಿನಲ್ಲೇ, ಎಂಜಿನ್ನಿನ ದನಿ ಚೆನ್ನಾಗಿ ಕೇಳುವ ಹಾಗೆ, ಏರು ಹತ್ತತೊಡಗಿದ.